ಅಕ್ಕನ ಇಚ್ಛೆ, ಹರೆಯದ ನಿರ್ಧಾರ



ಅಕ್ಕಮಹಾದೇವಿಯವರನ್ನು ನೆನೆದಾಗ ಭಕ್ತರ ಕಣ್ಣ ಮುಂದೆ ಮೊದಲು ನಿಲ್ಲುವುದು ಶ್ರೀಶೈಲದ ಕದಳಿಯ ಹಾದಿ ಹಿಡಿದ ವಿರಾಗಿಣಿಯ ಮೂರ್ತಿ. ಮಠಮಂದಿರಗಳ ಚಿತ್ರಪಟಗಳೂ ಹರಿಕಥೆ ಪ್ರವಚನಗಳೂ ಆ ಮೂರ್ತಿಯನ್ನೇ ಮತ್ತೆ ಮತ್ತೆ ಕಟ್ಟಿಕೊಟ್ಟಿವೆ. ಆದರೆ ಆ ವಿರಾಗಿಣಿ ಅದಕ್ಕೂ ಮುನ್ನ ಉಡುತಡಿಯ ಒಂದು ಭಕ್ತ ಕುಟುಂಬದ ಹರೆಯದ ಮಗಳಾಗಿದ್ದರು. ತನ್ನ ದೇಹದ ಮೇಲೆ ಯಾರಿಗೆ ಹಕ್ಕು, ಬಾಳನ್ನು ಯಾರೊಡನೆ ಹಂಚಿಕೊಳ್ಳಬೇಕು, ಹಿರಿಯರ ಮಾತಿಗೆ ಎಲ್ಲಿಯವರೆಗೆ ತಲೆಬಾಗಬೇಕು ಎಂಬ ಪ್ರಶ್ನೆಗಳು ಆ ವಯಸ್ಸಿನಲ್ಲಿಯೇ ಅವರಿಗೆ ಎದುರಾಗಿದ್ದವು. ಇಂದು ಪ್ರೌಢಶಾಲೆಯ, ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ಮಕ್ಕಳ ಮುಂದಿರುವ ಪ್ರಶ್ನೆಗಳೂ ಇವೇ. ಮನೆಯಲ್ಲಿ ಇವುಗಳನ್ನು ಕುರಿತು ಯಾರೂ ಬಾಯಿ ಬಿಡುವುದಿಲ್ಲ. ಈ ಮೌನ ಶರಣರಿಂದ ಬಂದದ್ದೇ ಅಥವಾ ಅನಂತರ ಬಂದು ಸೇರಿಕೊಂಡದ್ದೇ ಎಂಬುದನ್ನು ಚರಿತ್ರೆಯ ದೃಷ್ಟಿಯಿಂದ ಅವಲೋಕಿಸುವುದು ಅವಶ್ಯವಾಗಿದೆ.

ಅಕ್ಕನ ಚರಿತ್ರೆಗೆ ದೊರೆಯುವ ಅತ್ಯಂತ ಹಳೆಯ ವಿಸ್ತೃತ ಆಧಾರವೆಂದರೆ ಹರಿಹರ ಮಹಾಕವಿಯ ಮಹಾದೇವಿಯಕ್ಕನ ರಗಳೆ. ಅಲ್ಲಿ ಕೌಶಿಕನೆಂಬ ಅರಸನು ಪ್ರಾಯಕ್ಕೆ ಬಂದ ಮಹಾದೇವಿಯನ್ನು ಕಂಡು ಮೋಹಗೊಳ್ಳುತ್ತಾನೆ. ಆತನು ತಾನೇ ಬಂದು ಆಕೆಯ ಮನಸ್ಸನ್ನು ಕೇಳುವುದಿಲ್ಲ. ತನ್ನವರನ್ನು ತಂದೆತಾಯಿಗಳ ಬಳಿಗೆ ಕಳುಹಿಸುತ್ತಾನೆ. ಮೊದಲು ಆಸೆ ತೋರಿಸಲಾಗುತ್ತದೆ, ಅದು ಫಲಿಸದಿದ್ದಾಗ ಜೀವಭಯ ಒಡ್ಡಲಾಗುತ್ತದೆ. ಹೆತ್ತವರು ನಡುಗಿ ಮಗಳ ಮುಂದೆ ಅಂಗಲಾಚುತ್ತಾರೆ. ಕವಿಯು ಈ ಭಾಗವನ್ನು ಅವಸರಿಸದೆ ಹೇಳಿದ್ದಾನೆ. ಅರಸನ ಅಧಿಕಾರ, ಸಂಪತ್ತಿನ ಆಮಿಷ, ತಂದೆತಾಯಿಗಳ ಕಣ್ಣೀರು ಇವು ಮೂರೂ ಒಂದು ಹೆಣ್ಣುಮಗುವಿನ ನಿರ್ಧಾರದ ಮೇಲೆ ಒಟ್ಟಿಗೆ ಹೇಗೆ ಭಾರ ಹಾಕುತ್ತವೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಾಚೀನ ನಿದರ್ಶನ ಸಿಗುವುದು ಕಷ್ಟ.

ಮಹಾದೇವಿ ಹೆತ್ತವರನ್ನು ಉಳಿಸಲೆಂದು ಒಪ್ಪುತ್ತಾರೆ, ಆದರೆ ಷರತ್ತುಗಳನ್ನು ವಿಧಿಸಿ ಒಪ್ಪುತ್ತಾರೆ. ಲಿಂಗಪೂಜೆಯಲ್ಲಿ, ಮಾಹೇಶ್ವರರ ಗೋಷ್ಠಿಯಲ್ಲಿ, ಗುರುಸೇವೆಯಲ್ಲಿ ತಾನು ತನ್ನ ಇಚ್ಛೆಯಂತೆ ಇರಬೇಕು ಎಂಬುದು ಅವರ ಬೇಡಿಕೆ. ಇಷ್ಟನ್ನೇ ಪ್ರವಚನಕಾರರು ಸಾಮಾನ್ಯವಾಗಿ ಹೇಳಿ ಮುಂದೆ ಸಾಗುತ್ತಾರೆ. ಅದೇ ಸಾಲಿನಲ್ಲಿ ಇನ್ನೊಂದು ಷರತ್ತೂ ಇದೆ: ಅರಸನೊಡನೆ ಇರುವುದು ಕೂಡ ತನ್ನ ಇಚ್ಛೆಯಂತೆಯೇ ಎಂಬುದು. ಈ ಮಾತಿಗೆ ಮೂರು ಸಲ ತಪ್ಪಿದರೆ ಸೈರಿಸುವೆನೆಂದು ಮಿತಿಯನ್ನೂ ಹಾಕುತ್ತಾರೆ. ಹೆಂಡತಿಯ ದೇಹ ಗಂಡನ ಸೊತ್ತೆಂದು ಲೋಕವೆಲ್ಲ ಒಪ್ಪಿದ್ದ ಕಾಲದಲ್ಲಿ, ವಿವಾಹದ ಒಳಗೂ ಸಮ್ಮತಿ ಎಂಬುದೊಂದು ಇರಬೇಕೆಂದು ಹರೆಯದ ಹುಡುಗಿಯೊಬ್ಬಳ ಬಾಯಿಂದ ಹರಿಹರನು ನುಡಿಸಿದ್ದಾನೆ. ಅರಸನು ಮೂರು ಸಂದರ್ಭಗಳಲ್ಲಿ ಕೊಟ್ಟ ಮಾತನ್ನು ಮೀರುತ್ತಾನೆ. ಮೂರನೆಯದು ಮುಗಿದೊಡನೆ ಅಕ್ಕ ಅರಮನೆಯನ್ನು ಬಿಟ್ಟು ಹೊರಡುತ್ತಾರೆ. ಎಂದರೆ ಅವರ ನಿರ್ಗಮನ ಕೇವಲ ವೈರಾಗ್ಯದ ಆವೇಶವಲ್ಲ. ಮೊದಲೇ ಹೇಳಿಟ್ಟಿದ್ದ ಕರಾರಿನ ನಿಷ್ಠುರ ಪಾಲನೆಯೂ ಹೌದು.

ಹರಿಹರನ ಅನಂತರದ ಕವಿಗಳಿಗೆ ಈ ಪ್ರಸಂಗ ಇರುಸುಮುರುಸು ತಂದಂತೆ ತೋರುತ್ತದೆ. 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ನಡೆಯುವುದಿಲ್ಲ. ಅಕ್ಕನಿಗೆ ವಿವಾಹವಾಗಿತ್ತೇ ಇಲ್ಲವೇ ಎಂಬ ಚರ್ಚೆಯನ್ನು 20ನೆಯ ಶತಮಾನದ ವಿದ್ವಾಂಸರೂ ದೀರ್ಘವಾಗಿ ನಡೆಸಿದರು. ಅಕ್ಕನ ಮಹಿಮೆಗೆ ಕುಂದು ಬರಬಾರದೆಂಬ ಭಕ್ತಿಯೇ ಈ ಆತಂಕದ ಹಿಂದಿದ್ದೀತು. ಆದರೂ ಆ ಚರ್ಚೆಯ ಗದ್ದಲದಲ್ಲಿ ಒಂದು ನಷ್ಟವಾಯಿತು. ಮದುವೆ ಆಯಿತೋ ಇಲ್ಲವೋ ಎಂಬುದಕ್ಕೇ ಎಲ್ಲರ ಗಮನ ಹೋಗಿ, ಆಕೆಯ ಇಚ್ಛೆ ಏನಾಗಿತ್ತು ಎಂಬುದು ಹಿಂದೆ ಸರಿಯಿತು. ಈಗಲೂ ಹೆಣ್ಣುಮಗಳೊಬ್ಬಳಿಗೆ ಅನ್ಯಾಯವಾದಾಗ ಊರಿನವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಅದೇ ಬಗೆಯದು.

ಶೂನ್ಯಸಂಪಾದನೆಯಲ್ಲಿ ಬರುವ ಕಲ್ಯಾಣದ ಪ್ರಸಂಗ ಇನ್ನೊಂದು ಮುಖವನ್ನು ತೋರಿಸುತ್ತದೆ. ಇದು ಶರಣರ ಕಾಲದಿಂದ ಸುಮಾರು ಮುನ್ನೂರು ವರ್ಷ ತಡವಾಗಿ ಸಂಕಲಿತವಾದ ಗ್ರಂಥ. ಆದುದರಿಂದ ಅಲ್ಲಿನ ಸಂವಾದವನ್ನು ಕಣ್ಣಾರೆ ಕಂಡು ಬರೆದ ವರದಿಯೆಂದು ತಿಳಿಯಬೇಕಿಲ್ಲ. ಶರಣ ಪರಂಪರೆ ತನ್ನ ಸಭೆಯನ್ನು ಹೇಗೆ ನೆನೆಯಬಯಸಿತು ಎಂಬುದಕ್ಕೆ ಅದು ಸಾಕ್ಷಿ. ಪ್ರಭುದೇವರು ಅಕ್ಕನ ಯೌವನವನ್ನು, ಪತಿಯನ್ನು, ಕೇಶದಿಂದ ಮೈಮುಚ್ಚಿಕೊಂಡ ಬಗೆಯನ್ನು ಕುರಿತು ನೇರವಾಗಿ, ಕಟುವಾಗಿಯೇ ಪ್ರಶ್ನಿಸುತ್ತಾರೆ. ಅಕ್ಕ ಒಂದೊಂದಕ್ಕೂ ಉತ್ತರಿಸುತ್ತಾರೆ. ಒಳಗೆ ಮಾಗದೆ ಹೊರಗಿನ ಸಿಪ್ಪೆಯ ಬಣ್ಣ ಬದಲಾಗದ ಹಣ್ಣಿನ ದೃಷ್ಟಾಂತವನ್ನು ಕೊಟ್ಟು, ನೋಡುವವರ ಮನಸ್ಸು ನೋಯಬಾರದೆಂದೇ ಮರೆಮಾಡಿದೆನೆಂಬ ಭಾವವನ್ನು ತಿಳಿಸುತ್ತಾರೆ. ಸಭೆಯು ಪ್ರಶ್ನೆ ಕೇಳಿತು, ಉತ್ತರವನ್ನು ಪೂರ್ತಿ ಆಲಿಸಿತು, ಆಲಿಸಿದ ಮೇಲೆ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿತು. ಹಿರಿಯರ ಸಭೆಯಲ್ಲಿ ಹರೆಯದ ಹೆಣ್ಣು ದೇಹವನ್ನು ಕುರಿತು ಮಾತನಾಡುವುದು ಅಲ್ಲಿ ಅಪಚಾರವೆನಿಸಲಿಲ್ಲ.

ವಚನಗಳನ್ನು ಲೈಂಗಿಕ ಶಿಕ್ಷಣದ ಕೈಪಿಡಿಗಳಂತೆ ಓದುವುದು ತರವಲ್ಲ. ಅಕ್ಕನ ವಚನಗಳಲ್ಲಿಯೇ ದೇಹವನ್ನು ಕುರಿತ ತೀವ್ರ ಜುಗುಪ್ಸೆಯ ಮಾತುಗಳಿವೆ. ಕಾಮವನ್ನು ಬೆಂಕಿಗೆ, ವಿಷಕ್ಕೆ ಹೋಲಿಸಿದ ಶರಣರೂ ಇದ್ದಾರೆ. ಹಾಗಿದ್ದರೂ ಒಟ್ಟು ನಿಲುವಿನಲ್ಲಿ ಶರಣರು ಸಂಸಾರಿಗಳು, ಕಾಯಕಜೀವಿಗಳು. ಇಂದ್ರಿಯಗಳನ್ನು ಬಲವಂತವಾಗಿ ಅದುಮಿದರೆ ಅವು ಬೇರೆ ದೋಷಗಳಾಗಿ ಎದ್ದು ಬರುತ್ತವೆಂದು ಬಸವಣ್ಣನವರು ಒಂದು ವಚನದಲ್ಲಿ ಎಚ್ಚರಿಸಿದ್ದಾರೆ. ಸಿರಿಯಾಳ ಚಂಗಳೆಯರು, ಸಿಂಧುಬಲ್ಲಾಳರು ದಾಂಪತ್ಯಸುಖವನ್ನು ತೊರೆದು ಶಿವನನ್ನು ಪಡೆದವರಲ್ಲವೆಂಬುದನ್ನು ಅಲ್ಲಿಯೇ ನೆನಪಿಸಿದ್ದಾರೆ. ಅದೇ ವಚನದ ಕೊನೆಯಲ್ಲಿ ಅವರು ಗೆರೆಯನ್ನೂ ಎಳೆಯುತ್ತಾರೆ: ಪರರ ಧನಕ್ಕೂ ಪರರ ಸಂಗಾತಿಗೂ ಆಸೆಪಟ್ಟವನು ದೇವರಿಂದ ದೂರ. ಹರೆಯದವರಿಗೆ ತಿಳಿಹೇಳಬೇಕಾದ ವಿವೇಕ ಇಲ್ಲಿದೆ. ಮನಸ್ಸಿನಲ್ಲಿ ಆಸೆ ಮೂಡುವುದು ಪಾಪವಲ್ಲ, ಅದು ಇನ್ನೊಬ್ಬರ ಬಾಳನ್ನು ಅತಿಕ್ರಮಿಸಿದಾಗ ಪಾಪ.

ಜೇಡರ ದಾಸಿಮಯ್ಯನವರು ಇನ್ನೂ ಆಳಕ್ಕೆ ಇಳಿದವರು. ಮೈಮೇಲೆ ಮೂಡುವ ಗುರುತುಗಳನ್ನು ನೋಡಿ ಜನ ಗಂಡು ಹೆಣ್ಣೆಂದು ವಿಂಗಡಿಸುತ್ತಾರಾದರೂ ಒಳಗೆ ಸುಳಿಯುವ ಚೇತನಕ್ಕೆ ಆ ಎಣಿಕೆಯಿಲ್ಲವೆಂಬುದು ಅವರ ಕಾಣ್ಕೆ. ಆ ಗುರುತುಗಳು ಮೂಡುವ ವಯಸ್ಸೇ ಹದಿಹರೆಯ. ಕನ್ನಡಿಯ ಮುಂದೆ ನಿಂತು ತನ್ನ ಬದಲಾಗುತ್ತಿರುವ ರೂಪವನ್ನು ನಾಚಿಕೆಯಿಂದಲೋ ಭಯದಿಂದಲೋ ನೋಡಿಕೊಳ್ಳುವ ಮಗುವಿಗೆ ಈ ಮಾತು ದೊಡ್ಡ ಸಾಂತ್ವನ. ಅದನ್ನು ಹೇಳುವವರು ಬೇಕಷ್ಟೆ. ಸಮಾಜವು ಹೊರಗಿಟ್ಟಿದ್ದ ಸೂಳೆ ಸಂಕವ್ವೆಯಂತಹವರೂ ಶರಣೆಯರಾಗಿ ವಚನ ಬರೆದುದನ್ನು ಇಲ್ಲಿ ನೆನೆಯಬಹುದು.

ಪಂಚಸೂತಕಗಳ ನಿರಾಕರಣೆ ಈ ವಿಚಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಜಾತಿ, ಜನನ, ಮರಣ, ಉಚ್ಛಿಷ್ಟಗಳೊಡನೆ ರಜಸ್ಸಿನ ಸೂತಕವನ್ನೂ ಶರಣಧರ್ಮ ಅಲ್ಲಗಳೆಯಿತು. ಇಷ್ಟಲಿಂಗವನ್ನು ಧರಿಸಿದ ಹೆಣ್ಣಿಗೆ ಮುಟ್ಟಿನ ದಿನಗಳಲ್ಲಿ ಪೂಜೆ ತಪ್ಪಬೇಕಿಲ್ಲ, ಲಿಂಗವನ್ನು ಅಗಲಬೇಕಿಲ್ಲ. ಸಾಮಾನ್ಯವಾಗಿ 12-13ರ ಸುಮಾರಿಗೆ ಮೈನೆರೆಯುವ ಬಾಲಕಿಗೆ ತನ್ನ ದೇಹದ ಮೊದಲ ಪಾಠವೇ ‘ನೀನು ಮೈಲಿಗೆ, ಮೂಲೆಯಲ್ಲಿ ಕೂಡು’ ಎಂದಾದರೆ, ಅವಳು ಮುಂದೆ ದೇಹವನ್ನು ಕುರಿತ ಯಾವ ಪ್ರಶ್ನೆಯನ್ನೂ ತಾಯಿಯ ಬಳಿ ತರಲಾರಳು. ಶರಣರು ಅಳಿಸಿದ್ದ ಈ ಸೂತಕ ಅವರ ಅನುಯಾಯಿಗಳೆನ್ನಿಸಿಕೊಂಡ ಅನೇಕ ಮನೆಗಳ ಪೂಜಾಕೋಣೆಗೆ ಮರಳಿ ಬಂದಿದೆ ಎಂಬುದು ವಿಷಾದದ ಸಂಗತಿ. ನೆರೆಹೊರೆಯ ಆಚಾರವನ್ನು ನೋಡಿ ಬಂದ ರೂಢಿಯಿದು.

ಇಂತಹ ಪರಂಪರೆಯ ಒಳಗೆ ಮೌನ ಹೇಗೆ ನೆಲೆಸಿತು? ಒಂದು ಕಾರಣ ಸರಳವಾದುದು: ಬಾಲ್ಯವಿವಾಹವಿದ್ದ ಸಮಾಜದಲ್ಲಿ ಹರೆಯವೆಂಬ ಅವಸ್ಥೆಗೇ ಸ್ಥಳವಿರಲಿಲ್ಲ. 19ನೆಯ ಶತಮಾನದ ಕೊನೆಯ ಭಾಗದ ಮುಂಬಯಿ ಪ್ರಾಂತ್ಯದ ಗೆಜೆಟಿಯರುಗಳು ಲಿಂಗಾಯತರಲ್ಲಿ ವಿಧವೆಯರಿಗೆ ಉಡಿಕೆಯ ಮೂಲಕ ಮರುಮದುವೆ ಇದ್ದುದನ್ನು ದಾಖಲಿಸಿದಂತೆಯೇ ಬಾಲ್ಯವಿವಾಹ ಇದ್ದುದನ್ನೂ ದಾಖಲಿಸಿವೆ. ಆಟದ ವಯಸ್ಸಿನಲ್ಲಿ ತಾಳಿ, ಮೈನೆರೆದೊಡನೆ ಪ್ರಸ್ತ, ಮರುವರ್ಷ ತೊಟ್ಟಿಲು. ಇದರ ನಡುವೆ ಆ ಹುಡುಗಿಯಾಗಲಿ ಹುಡುಗನಾಗಲಿ ನಿರ್ಧರಿಸಬೇಕಾದುದೇನೂ ಉಳಿದಿರಲಿಲ್ಲ. ನಿರ್ಧಾರವೇ ಇಲ್ಲದ ಕಡೆ ತಿಳಿವಳಿಕೆ ಕೊಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಹುಡುಗರ ವಿಷಯದಲ್ಲಿ ಇನ್ನೊಂದು ಪ್ರಭಾವ ಕೆಲಸ ಮಾಡಿತು, ಇದನ್ನು ಕುರಿತು ಮಠಗಳ ಸಾಹಿತ್ಯ ಹೆಚ್ಚು ಚರ್ಚಿಸಿಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಟಿಸೊ 1760ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಹಸ್ತಮೈಥುನದಿಂದ ದೃಷ್ಟಿ, ಬುದ್ಧಿ, ಬಲಗಳೆಲ್ಲ ನಾಶವಾಗುತ್ತವೆಂದು ವಾದಿಸಿದನು. ಆ ಭೀತಿ ಯುರೋಪಿನ ವೈದ್ಯಶಾಸ್ತ್ರವನ್ನು ಒಂದೂವರೆ ಶತಮಾನದವರೆಗೆ ಆಳಿತು. ಬ್ರಿಟಿಷರ ಕಾಲದ ಭಾರತದಲ್ಲಿ ಅದು ಹಠಯೋಗದ ಬಿಂದುರಕ್ಷಣೆಯ ಕಲ್ಪನೆಯೊಡನೆ, ಧಾತುಕ್ಷಯವನ್ನು ಕುರಿತ ಹಳೆಯ ನಂಬಿಕೆಯೊಡನೆ ಬೆರೆತು, ಗರಡಿಮನೆಗಳಲ್ಲಿಯೂ ಬ್ರಹ್ಮಚರ್ಯದ ಪುಸ್ತಿಕೆಗಳಲ್ಲಿಯೂ ಧರ್ಮವಾಕ್ಯದ ಗೌರವ ಪಡೆಯಿತು. ನಿದ್ರೆಯಲ್ಲಿ ಸ್ಖಲನವಾಗುವುದು ಬೆಳೆಯುವ ಹುಡುಗನ ದೇಹಕ್ಕೆ ಸಹಜವೆಂದು ವೈದ್ಯರು ಈಗ ಒಮ್ಮತದಿಂದ ಹೇಳುತ್ತಾರೆ. ಆದರೆ ಆ ಭಯದಿಂದಲೇ ಬಳಲಿ ಆಸ್ಪತ್ರೆಗೆ ಬರುವ ಯುವಕರ ಸಂಕಟ ಎಷ್ಟು ಸಾಮಾನ್ಯವಾಗಿತ್ತೆಂದರೆ, ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ‘ಗುಪ್ತರೋಗ’ದ ಜಾಹೀರಾತು ಬರೆಸಿದವರು ಬದುಕಿದ್ದು ಈ ಭಯದ ಮೇಲೆಯೇ. ಬಸವಣ್ಣನವರ ಇಂದ್ರಿಯವಿಚಾರಕ್ಕೂ ಈ ಭಯಕ್ಕೂ ಯಾವ ಸಂಬಂಧವೂ ಇಲ್ಲ.

ಸಮ್ಮತಿಯ ಪ್ರಶ್ನೆ ಕಾನೂನಿನ ಬಾಗಿಲಿಗೆ ಬಂದದ್ದು ತೀರ ತಡವಾಗಿ. 1860ರ ಭಾರತೀಯ ದಂಡಸಂಹಿತೆಯು ಹೆಂಡತಿಯೊಡನೆ ಕೂಡಲು ನಿಗದಿಪಡಿಸಿದ ಕನಿಷ್ಠ ವಯಸ್ಸು 10. ಮುಂಬಯಿಯ ರುಕ್ಮಾಬಾಯಿಯವರಿಗೆ 11ನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ಪ್ರಾಯಕ್ಕೆ ಬಂದ ಮೇಲೆ ಅವರು ಗಂಡನ ಮನೆಗೆ ಹೋಗಲು ನಿರಾಕರಿಸಿದರು. ಗಂಡನೊಡನೆ ಬಾಳಬೇಕು, ಇಲ್ಲವೇ ಸೆರೆಮನೆಗೆ ಹೋಗಬೇಕೆಂದು 1887ರಲ್ಲಿ ನ್ಯಾಯಾಲಯ ಆಜ್ಞಾಪಿಸಿದಾಗ ಸೆರೆಮನೆಯೇ ಲೇಸೆಂದು ಅವರು ಉತ್ತರಿಸಿದರು. 1888ರಲ್ಲಿ ರಾಜಿಯಾಯಿತು, ಅವರು ಲಂಡನ್ನಿಗೆ ತೆರಳಿ ವೈದ್ಯೆಯಾದರು. ಅಂದು ಧಾರವಾಡ, ಬೆಳಗಾವಿ, ವಿಜಯಪುರಗಳೂ ಮುಂಬಯಿ ಪ್ರಾಂತ್ಯದಲ್ಲಿಯೇ ಇದ್ದವು. ಅದೇ ಕಾನೂನು ಅಲ್ಲಿನ ಮನೆಮನೆಗೂ ಅನ್ವಯಿಸುತ್ತಿತ್ತು. ಉಡುತಡಿಯ ಮಹಾದೇವಿ ಅರಮನೆಯನ್ನು ಬಿಟ್ಟು ಏಳು ಶತಮಾನಗಳು ಕಳೆದಿದ್ದರೂ ‘ನನ್ನ ಇಚ್ಛೆ’ ಎಂದ ಹೆಣ್ಣಿಗೆ ದೊರೆತ ಉತ್ತರ ಕೌಶಿಕನದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಬಂಗಾಳದಲ್ಲಿ ಹನ್ನೊಂದರ ಆಸುಪಾಸಿನ ಫೂಲಮಣಿ ಎಂಬ ಬಾಲಿಕೆ ಗಂಡನ ಬಲಾತ್ಕಾರದಿಂದ ಸತ್ತಳು. ಆಕೆ 10ನ್ನು ದಾಟಿದ್ದುದರಿಂದ ಅದು ಕಾನೂನಿನ ಕಣ್ಣಿನಲ್ಲಿ ಬಲಾತ್ಕಾರವೆನ್ನಿಸಿಕೊಳ್ಳಲೇ ಇಲ್ಲ. ಆ ಪ್ರಕರಣದ ಆಘಾತದ ಹಿನ್ನೆಲೆಯಲ್ಲಿ 1891ರಲ್ಲಿ ವಯಸ್ಸನ್ನು 12ಕ್ಕೆ ಏರಿಸಲಾಯಿತು. ಅದಕ್ಕೂ ಧರ್ಮದ ಹೆಸರಿನಲ್ಲಿ ಪ್ರಬಲ ವಿರೋಧ ಬಂದಿತು. ವಿರೋಧಿಸಿದವರಲ್ಲಿ ಲೋಕಮಾನ್ಯ ತಿಲಕರೂ ಇದ್ದರು.

ಮೈಸೂರು ಸಂಸ್ಥಾನವು 1894ರಲ್ಲಿ ತನ್ನದೇ ಆದ ಶಿಶುವಿವಾಹ ಪ್ರತಿಬಂಧಕ ಕಾಯಿದೆಯನ್ನು ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, 50 ದಾಟಿದ ಗಂಡಸು 14 ತುಂಬದ ಬಾಲಕಿಯನ್ನು ವರಿಸುವುದನ್ನೂ ಅದು ನಿಷೇಧಿಸಿತು. ಎಂಟು ಎಂಬ ಸಂಖ್ಯೆ ಇಂದು ಓದುಗರನ್ನು ಬೆಚ್ಚಿಬೀಳಿಸುತ್ತದೆ, ಆದರೆ ಆ ಕಾಲಕ್ಕೆ ಅದೇ ದಿಟ್ಟ ಹೆಜ್ಜೆ. 1929ರ ಶಾರದಾ ಕಾಯಿದೆ ಬ್ರಿಟಿಷ್ ಭಾರತದಲ್ಲಿ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರಲ್ಲಿ ಇವು 18 ಮತ್ತು 21 ಆದವು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು ತಂದ 2016ರ ತಿದ್ದುಪಡಿಯಿಂದ ರಾಜ್ಯದಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆನಿಸಿತು. ಹದಿನೆಂಟು ತುಂಬದ ಹೆಂಡತಿಯ ಮೇಲಿನ ಬಲಾತ್ಕಾರವೂ ಅತ್ಯಾಚಾರವೇ ಎಂದು 2017ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಷ್ಟಾದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ 18ಕ್ಕೆ ಮುನ್ನವೇ ಮದುವೆಯಾದವರ ಪ್ರಮಾಣ 2015-16ರಲ್ಲಿ ಶೇಕಡಾ 21.4 ಇದ್ದದ್ದು 2019-21ರಲ್ಲಿ 21.3 ಆಗಿತ್ತು. ಐದು ವರ್ಷಗಳಲ್ಲಿ ಬಹುಮಟ್ಟಿಗೆ ನಿಂತಲ್ಲಿಯೇ ನಿಂತ ಅಂಕಿ. ಆ ಐವರಲ್ಲೊಬ್ಬಳ ಮದುವೆಯ ಕರೆಯೋಲೆಯ ಮೇಲೂ ಯಾವುದೋ ಮಠದ ಹೆಸರು, ಯಾವುದೋ ಸ್ವಾಮಿಗಳ ದಿವ್ಯಸಾನ್ನಿಧ್ಯ ಅಚ್ಚಾಗಿರಬಹುದು.

ಮದುವೆಯ ವಯಸ್ಸು ಮುಂದೆ ಹೋದಂತೆ ಹರೆಯವೆಂಬ ಅವಸ್ಥೆ ಹುಟ್ಟಿತು, ಅದರೊಡನೆ ತಿಳಿವಳಿಕೆಯ ಹಸಿವೂ ಹುಟ್ಟಿತು. ಕನ್ನಡದಲ್ಲಿ ಆ ಹಸಿವಿಗೆ ಮೊದಲಿಗರಾಗಿ ಸ್ಪಂದಿಸಿದವರಲ್ಲಿ ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934-1991) ಅವರ ಹೆಸರು ಸ್ಮರಣೀಯ. ಅವರ ‘ಕೇಳು ಕಿಶೋರಿ’ ಹರೆಯದ ಹುಡುಗಿಯರಿಗಾಗಿಯೇ ಬರೆದ ಪುಸ್ತಕ. ‘ದಾಂಪತ್ಯ ದೀಪಿಕೆ’ ನವದಂಪತಿಗಳ ಕೈಗೆ ಬಂದ ಗ್ರಂಥ. ತಾಯಿ ಹೇಳಲಾರದ ಮಾತನ್ನು ಅಕ್ಕನೊಬ್ಬಳು ಕುಳ್ಳಿರಿಸಿಕೊಂಡು ಹೇಳಿದಂತಹ ಬರಹವದು. ಶಾಲೆಗಳ ಕಥೆ ಮಾತ್ರ ಬೇರೆಯಾಯಿತು. 2005ರಲ್ಲಿ ಕೇಂದ್ರವು ಆರಂಭಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಹಲವು ರಾಜ್ಯಗಳು ತಡೆಯೊಡ್ಡಿದವು, ಅವುಗಳಲ್ಲಿ ಕರ್ನಾಟಕವೂ ಒಂದು. ಪಠ್ಯದ ಚಿತ್ರಗಳು ನಮ್ಮ ಸಂಸ್ಕೃತಿಗೆ ಒಗ್ಗವೆಂಬುದು ಆಕ್ಷೇಪವಾಗಿತ್ತು. ಕೆಲವು ಚಿತ್ರಗಳು ಅವಿವೇಕದಿಂದ ಕೂಡಿದ್ದಿರಬಹುದು. ಆದರೆ ಸಂಸ್ಕೃತಿಯ ಹೆಸರು ಹೇಳಿದವರು ಬಸವಣ್ಣನವರ, ದಾಸಿಮಯ್ಯನವರ, ಅಕ್ಕನ ಮಾತುಗಳನ್ನು ಎದುರಿಗಿಟ್ಟುಕೊಂಡು ಹಾಗೆ ಹೇಳಿದರೇ ಎಂಬುದು ಸಂದೇಹ.

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ತಿಳಿಯುವುದು, ವಿಮರ್ಶಿಸಿ ಯೋಚಿಸುವುದು, ಭಾವಾವೇಗವನ್ನು ನಿಭಾಯಿಸುವುದು, ನಿರ್ಧಾರ ಕೈಗೊಳ್ಳುವುದು ಇವೆಲ್ಲ ಅದರಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದನ್ನು ಆಧರಿಸಿ ಶಾಲಾ ಶಿಕ್ಷಕರಿಗಾಗಿ ಪಾಠಕ್ರಮವೊಂದನ್ನು ರೂಪಿಸಿತು. ಅದರ ವಿಧಾನ ಉಪದೇಶವಲ್ಲ. ಒಂದು ಸನ್ನಿವೇಶವನ್ನು ಮಕ್ಕಳ ಮುಂದಿಟ್ಟು, ಗುಂಪಿನಲ್ಲಿ ಚರ್ಚಿಸಲು ಬಿಟ್ಟು, ಈ ಹುಡುಗನ ಮೇಲೆ, ಈ ಹುಡುಗಿಯ ಮೇಲೆ ಯಾರು ಯಾರ ಒತ್ತಡವಿದೆ ಎಂದು ಅವರೇ ಕಂಡುಕೊಳ್ಳುವಂತೆ ಮಾಡುವುದು. ಗೆಳೆಯರ ಚುಡಾಯಿಸುವಿಕೆ, ಸಿನಿಮಾ ಕಲಿಸಿದ ಬೆನ್ನಟ್ಟುವ ಪ್ರೇಮ, ಅಂಗೈಯಲ್ಲಿನ ಮೊಬೈಲು ಗುಟ್ಟಾಗಿ ತೋರಿಸುವ ವಿಕೃತ ದೃಶ್ಯಗಳು, ಮನೆಯ ಮಾನದ ಮಾತು ಹೀಗೆ ಒಂದೊಂದನ್ನೂ ಹೆಸರಿಟ್ಟು ಬಿಡಿಸಬೇಕಾಗುತ್ತದೆ. ಶಿವಾನುಭವ ಗೋಷ್ಠಿಗಳನ್ನು ಬಲ್ಲ ಭಕ್ತರಿಗೆ ಈ ವಿಧಾನ ಅಪರಿಚಿತವೆನಿಸಲಾರದು. ಹರಿಹರನ ರಗಳೆಯ ಆ ಭಾಗವನ್ನೇ ಓದಿಸಿ, ಮಹಾದೇವಿಯ ಮೇಲೆ ಯಾರ ಯಾರ ಒತ್ತಡವಿತ್ತೆಂದು ಮಕ್ಕಳನ್ನು ಕೇಳಬಹುದು. ಕೌಶಿಕನ ಜಾಗದಲ್ಲಿ ನಿಂತು ಯೋಚಿಸಲು ಹುಡುಗರನ್ನು ಕೇಳುವುದು ಇನ್ನೂ ಅಗತ್ಯ. ಬೇಡವೆಂದ ಮೇಲೂ ದೂತರನ್ನು ಕಳುಹಿಸುತ್ತಲೇ ಇದ್ದವನಲ್ಲಿ ಇದ್ದದ್ದು ಪ್ರೇಮವೇ ಎಂಬ ಪ್ರಶ್ನೆಗೆ ಅವರು ಸ್ವತಃ ಉತ್ತರ ಹುಡುಕಲಿ.

ಕಾನೂನಿನ ತಿಳಿವಳಿಕೆಯನ್ನೂ ಬಿಡುವಂತಿಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯಿದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅದಕ್ಕೆ ಮುನ್ನ ಸಮ್ಮತಿಯ ವಯಸ್ಸು 16 ಆಗಿತ್ತು. ಪರಿಣಾಮವಾಗಿ ಹದಿನಾರು, ಹದಿನೇಳರ ಒಲವಿನ ಪ್ರಕರಣಗಳಲ್ಲಿಯೂ ಹುಡುಗರು ಘೋರ ಅಪರಾಧದ ಆರೋಪಿಗಳಾಗುತ್ತಿದ್ದಾರೆ. ವಯಸ್ಸಿನ ಮಾನದಂಡವನ್ನು ಮರುಪರಿಶೀಲಿಸಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗವು 2023ರ ವರದಿಯಲ್ಲಿ ವಯಸ್ಸನ್ನು ಇಳಿಸಲು ಒಪ್ಪದೆ, 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆಯಿರಲಿ ಎಂದಿತು. ತಂದೆತಾಯಿಗಳು ಇದನ್ನು ಬೆದರಿಕೆಯ ಕೋಲಾಗಿ ಬಳಸದೆ, ಮಗನಿಗೂ ಮಗಳಿಗೂ ಸಮಾಧಾನದಿಂದ ಮೊದಲೇ ತಿಳಿಸಿಡುವುದು ಉಚಿತ.

ಅದೇ ಕಾಯಿದೆಯಲ್ಲಿ ಮಠಗಳೂ ಓದಿಕೊಳ್ಳಬೇಕಾದ ಭಾಗವೊಂದಿದೆ. ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವರು, ಸಿಬ್ಬಂದಿ ತಮ್ಮ ಸಂಸ್ಥೆಯ ಮಗುವಿನ ಮೇಲೆ ಎಸಗುವ ಲೈಂಗಿಕ ದೌರ್ಜನ್ಯವನ್ನು 5ನೆಯ ಕಲಮು ಹೆಚ್ಚು ಘೋರವಾದ ಅಪರಾಧವೆಂದು ಎಣಿಸುತ್ತದೆ. ವಿಷಯ ತಿಳಿದೂ ದೂರು ಕೊಡದೆ ಮುಚ್ಚಿಡುವುದು ಕೂಡ ಶಿಕ್ಷಾರ್ಹ. ಉಚಿತ ಪ್ರಸಾದನಿಲಯಗಳ ಪರಂಪರೆ ನಾಡಿಗೆ ಮಠಗಳಿತ್ತ ದೊಡ್ಡ ಕೊಡುಗೆ. ಲಕ್ಷಾಂತರ ಬಡಮಕ್ಕಳು ಅಲ್ಲಿ ಉಂಡು ಓದಿ ಬೆಳೆದಿದ್ದಾರೆ. ಹಾಗೆ ಬಂದ ಮಗುವಿಗೆ ಅನ್ನವಿಡುವ ಕೈಯ ಮೇಲೆ ಅಪಾರ ವಿಶ್ವಾಸವಿರುತ್ತದೆ, ಆ ಕೈಗೆ ಎದುರಾಡುವ ಮಾತು ಇರುವುದಿಲ್ಲ. ಕಾವಿಯನ್ನು ಕಂಡೊಡನೆ ಕಾಲಿಗೆರಗಲು ಕಲಿಸಿದವರು, ಮೈಮುಟ್ಟುವ ಕೈ ತಪ್ಪೆನಿಸಿದರೆ ಅದು ಯಾರದೇ ಆಗಿರಲಿ ‘ಬೇಡ’ ಎನ್ನಲೂ, ಓಡಿಬಂದು ಹೇಳಲೂ, 1098ಕ್ಕೆ ಕರೆ ಮಾಡಲೂ ಕಲಿಸಬೇಕಾಗಿದೆ. ಗುರುವನ್ನು ಪ್ರಶ್ನಿಸಬಾರದೆಂಬ ನಿಯಮ ಅನುಭವ ಮಂಟಪದಲ್ಲಿ ಇರಲಿಲ್ಲ.

ಇನ್ನುಳಿದದ್ದು ಪ್ರಾಪ್ತವಯಸ್ಕರಾದ ಮೇಲಿನ ಆಯ್ಕೆಯ ಮಾತು. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ, ಸಮುದಾಯದ ಅನುಮತಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚಿನಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮರ್ಯಾದೆಯ ಹೆಸರಿನ ಹತ್ಯೆಗಳು ಆ ಬಳಿಕವೂ ನಿಂತಿಲ್ಲ. ಶರಣಧರ್ಮದ ಮಹಾಪರೀಕ್ಷೆ ನಡೆದದ್ದೂ ಒಂದು ಮದುವೆಯ ಮೇಲೆಯೇ. ಬ್ರಾಹ್ಮಣ ಮೂಲದ ಮಧುವಯ್ಯನವರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಕಲ್ಯಾಣದಲ್ಲಿ ವಿವಾಹವಾಯಿತು. ಬಿಜ್ಜಳನ ಆಜ್ಞೆಯಿಂದ ತಂದೆಯರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪುರಾಣಗಳು ಹೇಳುತ್ತವೆ. ತಂದೆಯರ ಹೆಸರು ಪ್ರತಿ ಬಸವ ಜಯಂತಿಯ ಭಾಷಣದಲ್ಲಿಯೂ ಕೇಳಿಬರುತ್ತದೆ. ವಧೂವರರ ಹೆಸರುಗಳಾದರೋ ಒಂದೊಂದು ಕೃತಿಯಲ್ಲಿ ಒಂದೊಂದು ಬಗೆ. ಪಿ. ಲಂಕೇಶರ ‘ಸಂಕ್ರಾಂತಿ’ (1971), ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕಗಳು ಕಲ್ಯಾಣದ ಕಿರಿಯರಿಗೆ ರಂಗದ ಮೇಲೆ ಬಾಯಿ ಕೊಟ್ಟವು. ಹಳೆಯ ಪುರಾಣಗಳಲ್ಲಿ ಅವರು ಕೈಹಿಡಿದು ನಿಂತಿದ್ದಾರೆಯೇ ಹೊರತು ಮಾತನಾಡುವುದಿಲ್ಲ. ಆ ಇಬ್ಬರು ಒಬ್ಬರನ್ನೊಬ್ಬರು ಮೊದಲೇ ಬಲ್ಲವರಾಗಿದ್ದರೇ, ಹಸೆಯ ಮೇಲೆ ಕೂಡುವ ಮುನ್ನ ಅವರನ್ನು ಯಾರಾದರೂ ಕೇಳಿದ್ದರೇ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.